ಪಂಡಿತನ ಮೊರ

ಪಂಡಿತ ಪಾಪಯ್ಯ ಬರುವುದರೊಳಗೆ ರಾಗಿ ರಾಶಿಯನ್ನು ಮೂಟೆಗೆ ತುಂಬಿಬಿಡಬೇಕೆಂದು ಮುನಿತಾಯಮ್ಮ ಬೆಳಗಿನಿಂದ ಒದ್ದಾಡುತ್ತಿದ್ದಳು. ಗಾಳಿ ಮಾತ್ರ ಅವಳ ಪರವಾಗಿರಲಿಲ್ಲ. ತೂರಲು ಮೊರ ಎತ್ತಿದರೆ ನಿಂತುಬಿಡುತ್ತಿತ್ತು, ಕೆಳಗಿಟ್ಟರೆ ನಲ್ಲೂರಿನ ಹುಣಸೆ ತೋಪಿನ ಕಡೆಯಿಂದ ಬೀಸುತ್ತಿತ್ತು. ಕಣದ ದೂಳು ಗಂಟಲಿಗೆ ಹೊಕ್ಕು ಅವಳ ಎದೆ ಹಳೆಯ ಬಾಗಿಲಿನಂತೆ ಕಿರುಗುಟ್ಟಿತು.

“ನೀವು ಆ ಕಡೆ ಕೂತ್ಕಳಿ ಅತ್ತೆ,” ಎಂದು ಸೊಸೆ ರುಕ್ಮಿಣಮ್ಮ ಮೊರ ಕಿತ್ತುಕೊಂಡಳು. “ಉಬ್ಬಸ ಹಚ್ಕಂಡ್ರೆ ಯಾರ ತಾವ ಹೋಗಾನ? ಹಳೇ ಪಂಡಿತ್ರನ್ನ ಬಿಡ್ತೀನಿ ಅಂತೀರಿ, ಹೊಸಾ ಡಾಕ್ಟ್ರಿಗೆ ಇನ್ನೂ ರಾಗಿ ಮುಟ್ಟಿಲ್ಲ.”

“ಮೆಲ್ಲಗೆ ಮಾತಾಡಮ್ಮಿ. ಗೋಡೆ ಇಲ್ದಿದ್ರೂ ಕಣಕ್ಕೆ ಕಿವಿ ಐತೆ.”

ಆ ಊರಲ್ಲಿ ವೈದ್ಯಕ್ಕೆ ದುಡ್ಡಿನ ವ್ಯವಹಾರವಿರಲಿಲ್ಲ. ಸುಗ್ಗಿಯಲ್ಲಿ ರಾಶಿ ಅಳೆಯುವ ಮೊದಲು ಪಂಡಿತ ಪಾಪಯ್ಯ ಕಣಕ್ಕೆ ಬಂದು ವಸ್ತ್ರ ಹಾಸುತ್ತಿದ್ದ. ಮನೆಯ ಹಿರಿಯಳು ಅದಕ್ಕೆ ಮೊರ ತುಂಬ ರಾಗಿ ಸುರಿಯುತ್ತಿದ್ದಳು. ಸುರಿದರೆ ವರ್ಷವಿಡೀ ಆ ಮನೆಯ ಜ್ವರ, ಕೆಮ್ಮು, ಬಾಣಂತನ, ದನಕರುಗಳ ಹೊಟ್ಟೆಯುಬ್ಬರ ಎಲ್ಲವೂ ಅವನ ಹೊಣೆ. ಯಾರಿಗೂ ಏನೂ ಬರದಿದ್ದರೆ ರಾಗಿ ಅವನಿಗೆ ಲಾಭ, ಆರೋಗ್ಯ ಮನೆಯವರಿಗೆ ಲಾಭ. ಸುರಿಯದಿದ್ದರೆ ಅವನನ್ನು ಬಿಟ್ಟಂತೆ. ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಖಾಲಿ ವಸ್ತ್ರ ಮಡಿಸಿಕೊಂಡು ಹೋಗುವವನನ್ನು ಇಡೀ ಊರೇ ನೋಡುತ್ತಿತ್ತು.

ಮದುವೆಯಾಗಿ ಬಂದಾಗಿನಿಂದ ಮುನಿತಾಯಮ್ಮ ಆ ಮೊರ ತಪ್ಪಿಸಿದವಳಲ್ಲ. ಮಗ ಮುನಿರಾಮಯ್ಯ ಎಳೆಕೂಸಾಗಿದ್ದಾಗ ಜ್ವರ ತಲೆಗೇರಿ ಕಣ್ಣು ಮೇಲೆ ಮಾಡಿದ್ದ. ತೊಟ್ಟಿಲ ಪಕ್ಕದಿಂದ ಕದಲದೆ ಕೂತು ಉಳಿಸಿಕೊಟ್ಟವನು ಈ ಪಾಪಯ್ಯನೇ. ಆದರೆ ಈ ಕಾರ್ತೀಕದಲ್ಲಿ ಒಂದು ಎಡವಟ್ಟಾಯಿತು. ಅವಳ ಉಬ್ಬಸಕ್ಕೊಂದು, ಎತ್ತಿನ ಹೊಟ್ಟೆಯುಬ್ಬರಕ್ಕೊಂದು, ಎರಡು ಬಗೆಯ ಉಂಡೆಗಳನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟ ಪಾಪಯ್ಯ ಪೊಟ್ಟಣಗಳನ್ನು ಅದಲುಬದಲು ಮಾಡಿದ್ದ. ಅವಳ ಪಾಲಿಗೆ ಬಂದದ್ದು ಇಂಗು, ಓಮ, ಬೆಳ್ಳುಳ್ಳಿಯ ಮುಷ್ಟಿಗಾತ್ರದ ಉಂಡೆ. ಪಂಡಿತ ಕೊಟ್ಟ ಮೇಲೆ ಕೇಳುವುದೇನು, ಕಹಿಯಾದಷ್ಟೂ ಗುಣ ಹೆಚ್ಚು ಎಂದು ಅವಳು ಕಣ್ಣುಮುಚ್ಚಿ ನುಂಗಿದಳು. ಎತ್ತು ಅವಳ ಹಿಪ್ಪಲಿ ಬೆಲ್ಲದ ಉಂಡೆಗಳನ್ನು ಚಪ್ಪರಿಸಿ, ಅಂದಿನಿಂದ ಬೀದಿಯಲ್ಲಿ ಪಾಪಯ್ಯ ಕಂಡರೆ ಅವನ ಹಿಂದೆಯೇ ಹೊರಡುತ್ತಿತ್ತು. ಅದನ್ನು ನೆನೆದರೆ ನಗು ಬರುತ್ತಿತ್ತು. ಆದರೆ ಅಂದು ಉಸಿರು ಸಿಗದೆ ಕಂಬ ತಬ್ಬಿ ಕೂತದ್ದನ್ನು ನೆನೆದರೆ ಮುನಿತಾಯಮ್ಮನ ನಗು ಅಲ್ಲಿಗೇ ನಿಲ್ಲುತ್ತಿತ್ತು. ಅವಳಿಗೆ ಬದುಕುವ ಆಸೆಯಿತ್ತು. ಅರವತ್ತಾದ ಮೇಲೆ ಅಂಥ ಆಸೆ ಇರಬಾರದೆಂದು ಯಾರೂ ಕಟ್ಟಳೆ ಮಾಡಿಲ್ಲವಲ್ಲ.

ಚನ್ನರಾಯಪಟ್ಟಣದಲ್ಲಿ ಹೊಸದಾಗಿ ಬೋರ್ಡು ಹಾಕಿದ್ದ ಡಾಕ್ಟರ್ ಆದಿನಾರಾಯಣಪ್ಪನವರೂ, ಹಳ್ಳಿಯವರ ಕೈಯಲ್ಲಿ ಕಾಸು ಆಡುವುದಿಲ್ಲವೆಂದು ತಿಳಿದು ರಾಗಿಯ ಪದ್ಧತಿಯನ್ನೇ ಹಿಡಿದಿದ್ದರು. ಸಂತೆಗೆ ಹೋದಾಗ ಅವಳು ಅಂಜುತ್ತಲೇ ಕೇಳಿದ್ದಳು. “ನಂದು ಹಳೇ ಉಬ್ಬಸ ಸ್ವಾಮಿ. ಹಳೇ ಕಾಯ್ಲೆಯೋರ್ನ ಸೇರಿಸ್ಕಂತೀರಾ?”

“ಕಾಯಿಲೆ ಇಲ್ಲದವರು ನನ್ನ ಹತ್ರ ಯಾಕಮ್ಮ ಬರ್ತಾರೆ?” ಎಂದು ಅವರು ನಕ್ಕಿದ್ದರು. “ಆದ್ರೆ ಸಂಕ್ರಾಂತಿ ದಾಟಿಸಬೇಡಿ. ಆಮೇಲೆ ಸೇರಿಸಿಕೊಂಡ್ರೆ ಎಲ್ಲರೂ ಕಾಯಿಲೆ ಬಿದ್ದು ಮಲಗಿದ ಮೇಲೇ ಮೂಟೆ ಹೊತ್ಕೊಂಡು ಬರ್ತಾರೆ.”

ಹಬ್ಬ ನಾಡಿದ್ದೇ ಇತ್ತು. ಇಬ್ಬರಿಗೂ ಕೊಡೋಣವೆಂದರೆ, ಒಬ್ಬನ ಹೊಣೆಯಲ್ಲಿದ್ದು ಇನ್ನೊಬ್ಬನ ಮದ್ದು ಮುಟ್ಟುವುದು ಪಂಡಿತನಿಗೆ ಖಾಲಿ ವಸ್ತ್ರಕ್ಕಿಂತ ದೊಡ್ಡ ಅವಮಾನ.

“ಬಂದ್ರು,” ಎಂದಳು ರುಕ್ಮಿಣಮ್ಮ.

ಪಾಪಯ್ಯ ಕೋಲೂರಿಕೊಂಡು ಬಂದ. “ಗಾಳಿ ಹೆಂಗೈತೆ ತಾಯಮ್ಮ?” ಎನ್ನುತ್ತ ಹೆಗಲ ವಸ್ತ್ರ ಕೊಡವಿ, ಪ್ರತಿ ವರ್ಷದಂತೆ ನೆಲಕ್ಕೆ ಹಾಸಿ, ನಾಲ್ಕು ಮೂಲೆಗಳನ್ನೂ ಅಚ್ಚುಕಟ್ಟಾಗಿ ಎಳೆದು ಕೂತ. ಹಾಸಿದ್ದು ರಾಶಿಯ ಮುಂದಲ್ಲ. ಆಚೆ ಬದಿಯಲ್ಲಿ ಗುಡ್ಡೆ ಹಾಕಿದ್ದ ಹೊಟ್ಟಿನ ಮುಂದೆ.

ರುಕ್ಮಿಣಮ್ಮ ಮುಖ ತಿರುಗಿಸಿದಳು. ಮುನಿತಾಯಮ್ಮ ಬೆಳಗಿನಿಂದ ಕಟ್ಟಿಕೊಂಡಿದ್ದ ಸುಳ್ಳುಗಳಲ್ಲಿ, ಈ ಸಲ ರಾಗಿ ಕಮ್ಮಿ, ಮಗ ಊರಲ್ಲಿಲ್ಲ, ಹಬ್ಬ ಕಳೀಲಿ, ಒಂದೂ ಬಾಯಿಗೆ ಬರಲಿಲ್ಲ. ಅವಳು ಎದ್ದು ಹೋಗಿ ಅವನ ಎದುರು ಕುಕ್ಕರಿಸಿದಳು.

“ಪಾಪಣ್ಣ, ಅದು ಹೊಟ್ಟು.”

ಪಾಪಯ್ಯ ಕೈಚಾಚಿ ಮುಟ್ಟಿ ನೋಡಿದ. “ಹೊಗೆ ಕವಿದಂಗೆ ಕಾಣ್ತದೆ ತಾಯಮ್ಮ. ಯಾರ್ಗೂ ಹೇಳಿಲ್ಲ.”

“ನಂಗೊತ್ತು. ಕಾರ್ತೀಕದಾಗೆ ಎತ್ತಿನ ಉಂಡೆ ನಾನ್ ತಿಂದೆ.”

“ನಿಂದು?”

“ಎತ್ತು ತಿಂತು. ಅದ್ಕೇ ನಿನ್ ಹಿಂದೆ ಹಿಂದೆ ಬತ್ತದೆ.”

“ಅಯ್ಯೋ, ನಿನ್ನ ಸಾಯಿಸ್ಬಿಡ್ತಿದ್ನಲ್ಲೇ! ಅವತ್ತೇ ಯಾಕೆ ಹೇಳ್ನಿಲ್ಲ?”

“ಹೇಳಿದ್ರೆ ನಿಂಗೆ ಇನ್ನೊಬ್ರಿಗೆ ಮದ್ದು ಕೊಡೋಕೆ ಕೈ ಬತ್ತಿತ್ತಾ?” ಎಂದಳು. ಮತ್ತೆ ತಡೆದು, “ಹೇಳ್ಬೇಕಾಗಿತ್ತು. ಬಾಯಿ ಬರ್ನಿಲ್ಲ,” ಎಂದಳು.

ಪಾಪಯ್ಯ ವಸ್ತ್ರದ ಮೂಲೆಗಳನ್ನು ಹುಡುಕಿ ಹುಡುಕಿ ಮಡಿಸತೊಡಗಿದ. ಮುನಿತಾಯಮ್ಮ ಅವನ ಕೈ ಹಿಡಿದಳು.

“ಮಡಿಸ್ಬೇಡ ಇರು. ಈ ವರ್ಷ ನಮ್ ರಾಗಿ ಚನ್ನರಾಯಪಟ್ಟಣದ ಡಾಕ್ಟ್ರಿಗೆ ಹೋಯ್ತದೆ. ನಿನ್ ಮುಂದೇನೇ ಹೇಳ್ತಿದೀನಿ. ಕಣ್ ಪೊರೆ ತೆಗ್ಸೋಕೂ ಅವರು ಕಳಿಸ್ತಾರಂತೆ. ನೀನೂ ಬಾ.”

“ಪಂಡಿತ್ನೇ ಡಾಕ್ಟ್ರ ಬಾಗ್ಲಿಗೆ ಹೋದ್ರೆ ಊರು ನಗಾಕಿಲ್ವಾ?”

“ಮೊದ್ಲು ಎತ್ತಿನ ಉಂಡೆ ತಿಂದೋಳ್ನ ನೋಡಿ ನಗ್ಲಿ. ಆಮ್ಯಾಕೆ ನಿನ್ ಸರದಿ.”

ರುಕ್ಮಿಣಮ್ಮ ಕಿಸಕ್ಕನೆ ನಕ್ಕುಬಿಟ್ಟಳು. ಪಾಪಯ್ಯನಿಗೂ ನಗು ಬಂತು, ಅದರ ಬೆನ್ನಿಗೇ ಕಣ್ಣಲ್ಲಿ ನೀರೂ ಬಂತು. ಮುನಿತಾಯಮ್ಮ ವಸ್ತ್ರವನ್ನು ರಾಶಿಯ ಮುಂದಕ್ಕೆ ಎಳೆದು ಹಾಸಿ, ಮೊರ ತುಂಬ ರಾಗಿ ಸುರಿದಳು.

“ಇದು ನಂಗೆ ಮದ್ದು ಕೊಡೋಕಲ್ಲ. ನಿನ್ ಕಣ್ಣಿಗೇಂತ ನೀನು ಅಲ್ಲಿ ಡಾಕ್ಟ್ರಿಗೆ ಸುರಿಯೋಕೆ.”

ಮರುದಿನ ಮುನಿರಾಮಯ್ಯ ಗಾಡಿ ಕಟ್ಟಿದ. ಡಾಕ್ಟರು ಮೊದಲು ಮುನಿತಾಯಮ್ಮನ ಬೆನ್ನಿಗೆ ಕೊಳವೆಯಿಟ್ಟು, ಉಸಿರು ಎಳೆಸಿ, ಬಿಡಿಸಿ, ಎರಡೆರಡು ಸಲ ಕೇಳಿದರು. “ಇದಕ್ಕೆ ಒಳ್ಳೇ ಔಷಧಿ ಇದೆ ಅಮ್ಮ,” ಎಂದರು. ಆಮೇಲೆ ಪಾಪಯ್ಯನ ರೆಪ್ಪೆ ಎತ್ತಿ ನೋಡಿ, ಪೊರೆ ಬಲಿತಿದೆ, ತೆಗೆಸಿದರೆ ಕಾಣುತ್ತದೆ ಎಂದರು. ಜಗಲಿಯಲ್ಲಿ ಡಾಕ್ಟರ ರಾಗಿ ಗೋಣಿಚೀಲ ಬಾಯಿ ತೆರೆದು ನಿಂತಿತ್ತು. ಮುನಿತಾಯಮ್ಮ ಮೊದಲು ತನ್ನ ಮನೆಯ ಪಾಲು ಸುರಿದಳು. ಜೀವಮಾನವೆಲ್ಲ ವಸ್ತ್ರ ಹಾಸಿ ಗೊತ್ತಿದ್ದ ಪಾಪಯ್ಯನಿಗೆ ಸುರಿದು ಗೊತ್ತಿರಲಿಲ್ಲ. ಗಂಟು ಬಿಚ್ಚಿ ತಡಕಾಡಿದ. ಮುನಿತಾಯಮ್ಮ ಅವನ ಮಣಿಕಟ್ಟು ಹಿಡಿದು ಚೀಲದ ಬಾಯಿಗೆ ತಂದಳು. ರಾಗಿ ಸರ್ರನೆ ಇಳಿಯಿತು.

ಹೊರಗೆ ಗಾಡಿಯ ಬಳಿಗೆ ಬಂದು ಪಾಪಯ್ಯ ಮುನಿರಾಮಯ್ಯನನ್ನು ಕೂಗಿದ. ದನಿ ಕೇಳಿದ್ದೇ ಎತ್ತು ಕತ್ತು ಚಾಚಿ ಅವನ ಅಂಗೈ ಮೂಸಿತು. ಬೆಲ್ಲವಿರಲಿಲ್ಲ, ಬೆವರಿಗೆ ಅಂಟಿದ ನಾಲ್ಕು ರಾಗಿ ಕಾಳುಗಳಿದ್ದವು. ಅದು ನೆಕ್ಕುತ್ತಿದ್ದಷ್ಟು ಹೊತ್ತೂ ಪಾಪಯ್ಯ ಕೈ ಹಿಂದಕ್ಕೆ ತೆಗೆಯಲಿಲ್ಲ.