ಬೀಜ ಅಂದ್ರೆ ರಸ್ಕಲ್ಲ, ಭಾವ

ಬೇಕರಿಯವನ ಹೆಂಡತಿ ಒದ್ದೆ ಬಟ್ಟೆಯ ಗಂಟು ಬಿಚ್ಚಿ ನೋಡಿದಳು. ಮೊಳೆಯುತ್ತವೆಯೇ ನೋಡಲೆಂದು ಎಂಟು ದಿನದ ಹಿಂದೆ ಅದರಲ್ಲಿ ಹತ್ತು ಹುರುಳಿಕಾಯಿ ಬೀಜ ಸುತ್ತಿಟ್ಟಿದ್ದಳು. ಒಂದೂ ಮೊಳೆತಿರಲಿಲ್ಲ. ಹತ್ತೂ ಉಬ್ಬಿ, ಲೋಳೆಯಾಗಿ, ನಾರುತ್ತಿದ್ದವು.

ಅದು ಅಂಗಡಿಯಲ್ಲಿ ಸಿಗುವ ಬೀಜವಲ್ಲ. ಬಿಳಿಯ ಮೇಲೆ ಕೆಂಪು ಚುಕ್ಕೆಯ ಆ ತಳಿ ಅವಳ ತಾಯಿ ಉಳಿಸಿಕೊಂಡು ಬಂದದ್ದು. ತಾಯಿ ತೀರಿಕೊಂಡು ಎರಡು ವರ್ಷ. ಬೇರೆ ಯಾರ ಮನೆಯಲ್ಲೂ ಅದು ಇರಲಿಲ್ಲ. ಹಳೆಯ ಬೀಜವನ್ನೆಲ್ಲ ಈ ಸಲ ಬಿತ್ತಿ ಮುಗಿಸಿದ್ದಳು. ಮೊದಲು ಕಿತ್ತ ಕಾಯಿಯ ಬೀಜ, ಗಂಡ ಒಲೆಯಲ್ಲಿ ಒಣಗಿಸಿಕೊಟ್ಟದ್ದು, ಕಪಾಟಿನ ಡಬ್ಬಿಯಲ್ಲಿತ್ತು. ಈಗ ನೋಡಿದರೆ ಅದರಿಂದ ತೆಗೆದ ಹತ್ತರ ಹಣೆಬರಹ ಹೀಗೆ. ಹಿತ್ತಲಲ್ಲಿ ಉಳಿದದ್ದು ಒಂಬತ್ತೇ ಗಿಡ, ಅವುಗಳ ಕಾಯಿ ಈಗಷ್ಟೇ ಹಳದಿಗೆ ತಿರುಗುತ್ತಿತ್ತು. ನಾಳೆಯಿಂದ ಜೋರು ಮಳೆ ಎಂದು ರೇಡಿಯೊದವರು ಬೆಳಗ್ಗೆಯಿಂದ ಒಂದೇ ಸಮನೆ ಹೇಳುತ್ತಿದ್ದರು.

"ಅದಕ್ಯಾಕೆ ಮುಖ ಬಾಡಿಸ್ಕೊಂಡಿದೀಯ?" ಎಂದ ಗಂಡ, ಏಪ್ರನ್ನಿಗೆ ಕೈ ಒರೆಸುತ್ತ. "ಉಳಿದಿರೋ ಕಾಯೆಲ್ಲ ಕಿತ್ತು, ಬಿಡಿಸಿ ಕೊಡು. ರಸ್ಕ್ ತೆಗೆದ ಮೇಲೆ ಒಲೆ ಹದವಾಗಿ ಬೆಚ್ಚಗಿರುತ್ತೆ. ಸಂಜೆಯೊಳಗೆ ಗಲಗಲ ಅನ್ನತ್ತೆ."

"ಹೋದ ಸಲಾನೂ ಹೀಗೇ ಅಂದ್ರಿ. ಗಲಗಲ ಅಂತೇನೋ ಅಂದ್ವು. ಈಗ ನೋಡಿ ಇವುಗಳ ಗತಿ."

"ನೀರು ಜಾಸ್ತಿ ಮಾಡಿರ್ತೀಯ. ಇಪ್ಪತ್ತೆರಡು ವರ್ಷದಿಂದ ರಸ್ಕ್ ಒಣಗಿಸ್ತಿದೀನಿ. ನನಗೇ ಒಣಗಿಸೋದು ಹೇಳಿಕೊಡ್ತೀಯಾ?"

ಒಣಗಿಸುವುದೆಂದರೆ ಅವನಿಗೆ ಒಂದೇ ಅರ್ಥ, ಬಿಸಿ ಕೊಟ್ಟು ತೇವ ಓಡಿಸುವುದು. ಪಾಪ, ಕೆಟ್ಟ ಮನುಷ್ಯನಲ್ಲ. ಗೊತ್ತಿರುವ ಕೆಲಸವನ್ನೇ ಗೊತ್ತಿಲ್ಲದ ಕಡೆಗೂ ಹಚ್ಚಿದ್ದ, ಅಷ್ಟೇ.

ಹೆಂಡತಿ ತನ್ನ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದಳು. ಅವಳ ಕೆಲಸ ಬೀಜ ಪರೀಕ್ಷೆ ಕೇಂದ್ರದಲ್ಲಿ. ದಿನವಿಡೀ ಮೊಳಕೆ ಎಣಿಸುವುದೇ ಕೆಲಸ. ಮಧ್ಯಾಹ್ನದ ಹೊತ್ತಿಗೆ ಬಂದಳು.

"ಬಂದ್ರಪ್ಪಾ ಬೀಜದ ಡಾಕ್ಟ್ರು!" ಎಂದು ಬೇಕರಿಯವನು ನಕ್ಕ. ಅವಳು ನಗಲಿಲ್ಲ. ಲೋಳೆಯಾದ ಬೀಜ ಒಂದನ್ನು ಉಗುರಿನಲ್ಲಿ ಸೀಳಿ ನೋಡಿದಳು.

"ಅಕ್ಕ, ಕಿತ್ತಾಗ ಕಾಯಿ ಯಾವ ಬಣ್ಣ ಇತ್ತು?"

"ಹಸಿರು. ಕಾಳು ದಪ್ಪಗೆ ತುಂಬಿತ್ತಲ್ಲ, ಸಾಕು ಅಂದ್ಕೊಂಡೆ."

"ತುಂಬೋದು ಬೇರೆ, ಬಲಿಯೋದು ಬೇರೆ ಅಕ್ಕ. ಬಲಿಯೋದು ಅಂದ್ರೆ ಬಲ ಬರೋದು. ಇವು ತುಂಬಿದ್ವು, ಬಲ ಬಂದಿರಲಿಲ್ಲ."

"ಏನು ಬಲ? ಕುಸ್ತಿಗೆ ಕಳಿಸಬೇಕಿತ್ತಾ?" ಎಂದ ಭಾವ.

"ಕುಸ್ತೀನೇ ಭಾವ. ಬೀಜದಿಂದ ನೀರು ಹೋಗೋವಾಗ ಒಳಗಡೆ ಆಮ್ಲಜನಕ ಕೆರಳುತ್ತೆ. ಸಿಕ್ಕಿದ್ದನ್ನೆಲ್ಲ ಕೆಡಿಸುತ್ತೆ. ಬೀಜದ ಒಂದೊಂದು ಜೀವಕೋಶಕ್ಕೂ ಕೊಬ್ಬಿನ ತೆಳು ಪೊರೆ ಇರುತ್ತೆ. ಮೊದಲ ಏಟು ಅದಕ್ಕೇ. ಬೆಣ್ಣೆ ಹಳೇದಾದ್ರೆ ಏನಾಗುತ್ತೆ ಹೇಳಿ?"

"ಕಮಟು ಹಿಡಿಯುತ್ತೆ."

"ಅದೂ ಆಮ್ಲಜನಕದ್ದೇ ಕೆಲಸ. ಬೀಜದೊಳಗೂ ಅಂಥದ್ದೇ ಆಗುತ್ತೆ. ಪೊರೆ ಹಾಳಾದ ಬೀಜಕ್ಕೆ ನೀರು ತಾಗಿದ್ರೆ, ಒಳಗಿರೋದು ಹೊರಗೆ ಸೋರಿ ಹೀಗೆ ಲೋಳೆ ಆಗುತ್ತೆ."

ಬೇಕರಿಯವನು ಸುಮ್ಮನೆ ಒಪ್ಪುವ ಪೈಕಿಯವನಲ್ಲ. "ಹಾಗಾದ್ರೆ ಯಾವ ಬೀಜಾನೂ ಒಣಗಿ ಬದುಕಬಾರದಲ್ಲ?"

"ಸರಿಯಾಗಿ ಕೇಳಿದ್ರಿ. ಕಾಯಿ ಬಲಿಯೋವಾಗ ಬೀಜ ತನ್ನ ಕಾವಲನ್ನ ತಾನೇ ತಯಾರು ಮಾಡ್ಕೊಳ್ಳುತ್ತೆ. ಕಿಣ್ವ ಅಂತಾರೆ ಅದಕ್ಕೆ. ಕ್ಯಾಟಲೇಸ್ ಅಂತ ಒಂದು, ಅದರ ಜೊತೆಗೆ ಇನ್ನೂ ಕೆಲವು. ಕೆರಳಿದ ಆಮ್ಲಜನಕಾನ ಹಿಡಿದು ತಣ್ಣಗೆ ಮಾಡೋದು ಅವುಗಳ ಕೆಲಸ. ಕಾವಲು ಸಾಕಷ್ಟು ಬರೋಕೆ ಮುಂಚೇನೇ ನೀವು ಬಿಸಿಗೆ ತಳ್ಳಿದ್ರಿ. ಹಿಟ್ಟಿಗೆ ಈಸ್ಟ್ ಹಾಕಿ ತಕ್ಷಣ ಒಲೆಗಿಡ್ತೀರಾ?"

"ಇಟ್ರೆ ಬ್ರೆಡ್ ಅಲ್ಲ, ಇಟ್ಟಿಗೆ ಆಗುತ್ತೆ."

"ಹಿಟ್ಟಿಗೆ ಹೊತ್ತು ಕೊಡ್ತೀರಿ, ಬೀಜಕ್ಕೆ ಯಾಕೆ ಕೊಡಲಿಲ್ಲ? ಬೀಜ ಅಂದ್ರೆ ರಸ್ಕಲ್ಲ ಭಾವ. ಅದಕ್ಕೆ ಜೀವ ಇದೆ."

ಆದರೆ ಹೆಂಡತಿಗೆ ಸಮಾಧಾನವಾಗಲಿಲ್ಲ. "ಮಳೆ ಬರತ್ತಲ್ಲೇ! ಗಿಡದಲ್ಲೇ ಬಿಟ್ರೆ ಕೊಳೆಯುತ್ತೆ, ಕಿತ್ರೆ ಸಾಯುತ್ತೆ. ಅಮ್ಮನ ಬೀಜ ನನ್ನ ಕೈಯಲ್ಲೇ ಮುಗಿದುಹೋಗುತ್ತೇನೋ," ಎಂದಳು.

"ಗಿಡಾನ ಬುಡಸಮೇತ ಕೀಳು. ಕಾಯಿ ಬಿಡಿಸಬೇಡ. ನೆರಳಲ್ಲಿ, ಗಾಳಿ ಆಡೋ ಕಡೆ ತಲೆಕೆಳಗಾಗಿ ಕಟ್ಟು. ಸಿಪ್ಪೆಯೊಳಗೇ ಇದ್ರೆ ಬೀಜ ನಿಧಾನ ಒಣಗುತ್ತೆ, ಅಷ್ಟರಲ್ಲಿ ಕಾವಲು ಬಲಪಡಿಸ್ಕೊಳ್ಳುತ್ತೆ."

"ಎಲ್ಲಾನೂ ಬದುಕುತ್ತಾ?"

"ಹಳದಿ ಆಗಿರೋದು ಬದುಕಬಹುದು. ಇನ್ನೂ ಹಸಿರಿರೋದಕ್ಕೆ ನಾನು ಮಾತು ಕೊಡಲ್ಲ ಅಕ್ಕ."

ಗಿಡ ಕೀಳುವಾಗಲೇ ಹನಿ ಶುರುವಾಯಿತು. ಬೇಕರಿಯ ಗೋಡೆಗಳೆಲ್ಲ ಒಲೆಯಿಂದ ಬಿಸಿ, ಅಲ್ಲಿ ಕಟ್ಟುವಂತಿರಲಿಲ್ಲ. ಕೊನೆಗೆ ಎರಡು ಕಿಟಕಿಯಿದ್ದ ನಡುಮನೆಯಲ್ಲೇ ಹಗ್ಗ ಎಳೆದು ಒಂಬತ್ತನ್ನೂ ನೇತುಹಾಕಿದರು. ಅಂದಿನಿಂದ ಮನೆಯವರೆಲ್ಲ ಬಗ್ಗಿ ಓಡಾಡಬೇಕಾಯಿತು.

ಮಳೆ ಆರು ದಿನ ಬಿಡಲಿಲ್ಲ. ಹೆಂಡತಿ ಗಳಿಗೆಗೊಮ್ಮೆ ಕಾಯಿ ಮೂಸುವಳು, ಒತ್ತಿ ನೋಡುವಳು. ನಾಲ್ಕನೇ ದಿನ ಎರಡು ಕಾಯಿಗೆ ಬೂಷ್ಟು ಬಂದಿತ್ತು. ಅವನ್ನು ಕತ್ತರಿಸಿ ಎಸೆದಳು, ಅನ್ನ ಸೇರಲಿಲ್ಲ. ಗಂಡನಿಗೂ ತಾಳ್ಮೆ ಕೆಟ್ಟಿತು. ಒಂದು ಗಿಡ ಬಿಚ್ಚಿಕೊಂಡು ಒಲೆಯ ಕಡೆ ಹೊರಟ.

"ಒಂದೇ ಅರ್ಧ ಗಂಟೆ ಕಣೇ. ಇಲ್ಲಾಂದ್ರೆ ಎಲ್ಲಾ ಬೂಷ್ಟು ಹಿಡಿಯುತ್ತೆ."

ಅವಳು ಬಾಗಿಲಿಗೆ ಅಡ್ಡ ನಿಂತಳು. "ಒಂದು ಸಲ ನಿಮ್ಮ ಮಾತು ಕೇಳಿ ಅರ್ಧ ಬೀಜ ಕಳ್ಕೊಂಡೆ. ಇದನ್ನ ಮುಟ್ಟಬೇಡಿ."

ಅವನು ಗಿಡವನ್ನು ಮತ್ತೆ ಹಗ್ಗಕ್ಕೆ ಕಟ್ಟಿ, ಬೇಕರಿಯ ಟೇಬಲ್ ಫ್ಯಾನ್ ತಂದು ಅದರ ಮುಂದಿಟ್ಟ.

ಮೂರು ವಾರಕ್ಕೆ ಕಾಯಿ ಹುಲ್ಲಿನ ಬಣ್ಣಕ್ಕೆ ತಿರುಗಿ, ಹಿಂಡಿದರೆ ಚಟಕ್ಕನೆ ಬಿರಿಯತೊಡಗಿತು. ಮತ್ತೆ ಹತ್ತು ಬೀಜ ಆರಿಸಿದಳು, ಮತ್ತೆ ಒದ್ದೆ ಬಟ್ಟೆಯಲ್ಲಿ ಸುತ್ತಿದಳು. ಏಳನೇ ದಿನ ಬಿಚ್ಚಲು ಅವಳಿಗೆ ಧೈರ್ಯ ಬರಲಿಲ್ಲ. ತಂಗಿಯೂ ಬಂದು ಕೂತಿದ್ದಳು. ಕೊನೆಗೆ ಬೇಕರಿಯವನೇ ಕೈ ತೊಳೆದು ಬಂದು, ಗಂಟು ಬಿಚ್ಚಿ, ಬೆರಳಿಟ್ಟು ಎಣಿಸಿದ.

"ಒಂದು... ಎರಡು..." ಏಳು ಬೀಜದಲ್ಲಿ ಬಿಳಿ ಮೊಳಕೆ ಬಂದಿತ್ತು. ಮೂರು ಸತ್ತಿದ್ದವು, ಹಸಿರು ಕಾಯಿಯವೇ ಇರಬೇಕು.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಆ ಏಳನ್ನೂ ಅಂಗೈಯಲ್ಲಿ ಹಿಡಿದುಕೊಂಡು, "ಆ ಡಬ್ಬಿ ಬೀಜ ಅಷ್ಟೂ ನಾನೇ ಕೊಂದೆ ಕಣೇ. ನಿಮ್ಮಮ್ಮ ಇದ್ದಿದ್ರೆ ನನ್ನನ್ನ ಮನೆಯೊಳಗೆ ಸೇರಿಸ್ತಿರಲಿಲ್ಲ," ಎಂದ.

ಓದಿದವರೇ, ಕೇಳಿದವರೇ, ನಿಮ್ಮ ಮನೆಯಲ್ಲೂ ಇಂಥ ಬೀಜ ಇರಬಹುದು. ಬೀಜಕ್ಕೆಂದು ಬಿಟ್ಟ ಕಾಯಿ ಗಿಡದಲ್ಲೇ ಬಲಿಯಲಿ. ಮಳೆ ಹೆದರಿಸಿದರೆ ಗಿಡಸಮೇತ ನೆರಳಿಗೆ ತನ್ನಿ. ಒಲೆಗೂ ಬೇಡ, ಕಾದ ತಗಡಿಗೂ ಬೇಡ. ಚೆನ್ನಾಗಿ ಒಣಗಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ಬಿತ್ತುವ ಮೊದಲು ಹತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪರೀಕ್ಷಿಸಿ. ಮೊಳೆತರೆ ಒಂದು ಹಿಡಿ ಬೀಜ ಪಕ್ಕದ ಮನೆಗೂ ಕೊಡಿ. ನಿಮ್ಮ ಕೈ ತಪ್ಪಿದ ವರ್ಷ ಅವರ ಮನೆಯಲ್ಲಾದರೂ ಉಳಿದಿರುತ್ತದೆ.