ಒರೆಸಿದ ಬಾಣ

“ಕೈ ಸರಿ ಇಲ್ಲೆ ಇವನ್ದು. ತಗಡು ಪಾಪ ಏನ್ ಮಾಡುತ್ತೆ?”

ನಂಜಪ್ಪನ್ ಇದನ್ನು ಹೇಳಿದ್ದು ತಿರುಪ್ಪೂರಿನಿಂದ ಬಂದ ರಾಮಲಿಂಗಂ ಎದುರಿಗೆ, ಹನ್ನೆರಡು ಜನ ಕೆಲಸಗಾರರ ಎದುರಿಗೆ. ಲಿಂಗಸಾಮಿಯ ಕಿವಿ ಕೆಂಡವಾಯಿತು. ಹೇಳಿದವರು ಸ್ವಂತ ಸೋದರಮಾವ ಬೇರೆ! ಪೀಳಮೇಡಿನ ಮಾವನ ಶೆಡ್ಡಿನಲ್ಲಿ ತಗಡು ಮಡಿಸುವ ಪ್ರೆಸ್ಸಿನ ಮುಂದೆ ಐದು ವರ್ಷ ಸವೆಸಿದವನಿಗೆ ಈ ಮಾತು. ನಾಳೆ ಕೊಯಮತ್ತೂರಿನ ಯಾವ ಶೆಡ್ಡಿಗೆ ಹೋದರೂ ಹೆಸರಿಗಿಂತ ಮೊದಲು ಈ ಮಾತೇ ಹೋಗಿ ಕೂತಿರುತ್ತದೆ.

“ನಾಳೆಯಿಂದ ಪ್ರೆಸ್ ಹೆಲ್ಪರ್ ಪೆರಿಯಸಾಮಿಗೆ. ನೀ ಕಸ ಗುಡ್ಸು,” ಎಂದರು ಮಾವ.

ರಾಮಲಿಂಗಂ ಅವರದು ಬಟ್ಟೆ ಬಿಳುಪು ಮಾಡುವ ಕಾರ್ಖಾನೆ. ಅಲ್ಲಿನ ಬ್ಲೀಚಿಂಗ್ ನೀರು ಸಾಧಾರಣ ಸ್ಟೇನ್‌ಲೆಸ್ಸನ್ನು ಗೆದ್ದಲಿನಂತೆ ತಿನ್ನುತ್ತದೆ. ಅದಕ್ಕೇ ತೊಟ್ಟಿ ಮಾಡಿಸಲು ಬೊಂಬಾಯಿಯಿಂದ ಡ್ಯೂಪ್ಲೆಕ್ಸ್ ಎಂಬ ಗಟ್ಟಿ ಜಾತಿಯ ಸ್ಟೇನ್‌ಲೆಸ್ ತಗಡಿನ ಚೌಕ ತುಂಡುಗಳನ್ನು ತರಿಸಿದ್ದರು. ಈಗ ನಾಲ್ಕು ತುಂಡು ಮಡಿಕೆಯಲ್ಲೇ ಸೀಳಿ ಬಾಯಿ ಬಿಟ್ಟುಕೊಂಡು ನೆಲದ ಮೇಲೆ ಬಿದ್ದಿದ್ದವು.

“ಮಾಮಾ, ಡೈಲಾಗ್ ಎಲ್ಲಾ ನೀವೇ ಹೇಳ್ಬಿಟ್ರೆ ಹೀರೋ ಏನ್ ಮಾಡ್ಬೇಕು?” ಲಿಂಗಸಾಮಿ ಅಂಗಿಯ ತೋಳು ಮಡಿಸಿದ. “ಎರಡು ನಿಮಿಷ ಕೊಡಿ.”

“ಸಿನಿಮಾ ತೋರಿಸ್ಬೇಡ್ಡಾ ಇಲ್ಲಿ!”

“ಟಿಕೆಟ್ ಇಲ್ಲೆ, ಸುಮ್ನೆ ನೋಡಿ.”

ಸೀಳಿದ ತುಂಡೊಂದರಿಂದಲೇ ಎರಡು ಪಟ್ಟಿ ಕತ್ತರಿಸಿದ, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಮೊದಲನೆಯದನ್ನು ಪ್ರೆಸ್ಸಿಗೆ ಕೊಟ್ಟ. ಟಪ್ಪೆಂದು ಸೀಳಿತು. ಎರಡನೆಯದನ್ನು ಕೊಟ್ಟ. ಸೊಂಟ ಬಳುಕಿಸಿದಂತೆ ಮಡಚಿಕೊಂಡಿತು. ಒಂದು ಕೂದಲೆಳೆಯ ಬಿರುಕೂ ಇಲ್ಲ.

“ಒಂದೇ ತಗಡು, ಒಂದೇ ಕೈ,” ಎಂದು ಎರಡನ್ನೂ ರಾಮಲಿಂಗಂ ಅಂಗೈಯಲ್ಲಿಟ್ಟ. “ಇದ್ರೊಳಗೆ ಎರಡು ಜಾತಿ ಕಣ ಇದೆ ಅಣ್ಣಾ. ತಗಡು ಮಾಡುವಾಗ ರೋಲರ್ ಎಳೆದ ದಿಕ್ಕಿಗೇ ಎರಡೂ ನೂಲಿನ ಹಾಗೆ ಉದ್ದುದ್ದ ಮಲಗಿರ್ತವೆ. ಅದಕ್ಕೆ ಅಡ್ಡವಾಗಿ ಮಡಿಸಿದ್ರೆ ಬಗ್ಗುತ್ತೆ. ಅದ್ರ ಉದ್ದಕ್ಕೇ ಮಡಿಸಿದ್ರೆ ಸೀಳುತ್ತೆ.”

“ಅದು ಮೊದ್ಲೇ ಗೊತ್ತಿಲ್ವೇನಪ್ಪಾ?” ಎಂದರು ರಾಮಲಿಂಗಂ.

“ಗೊತ್ತು! ಬೊಂಬಾಯಿಯವ್ನು ಪ್ರತಿ ತುಂಡಿನ ಮೇಲೂ ಸೀಮೆಸುಣ್ಣದಲ್ಲಿ ಆ ದಿಕ್ಕಿಗೆ ಬಾಣ ಬರೆದು ಕಳ್ಸಿದ್ದ. ಆಯುಧಪೂಜೆಗೆ ನಾನು ಸೋಮನೂರಿಗೆ ಹೋಗಿದ್ದೆ. ಬಂದು ನೋಡಿದ್ರೆ ಬಾಣ ಎಲ್ಲಿ? ತುಂಡು ತುಂಡಿಗೂ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ! ಬಾಣ ಇಲ್ಲೆ, ಮಡಿಸ್ಬೇಡಿ ಅಂದೆ. ತಗಡಿಗೇನ್ಡಾ ಪೂರ್ವ ಪಶ್ಚಿಮ ಅಂತ ಬೈದು ನನ್ ಕೈಲಿ ಮಾಡ್ಸಿದ್ದು ಯಾರು?”

ಕೆಲಸಗಾರರೆಲ್ಲ ನಂಜಪ್ಪನ್ ಕಡೆ ತಿರುಗಿದರು. ಪೂಜೆಯ ಹಿಂದಿನ ದಿನ ಸೀಮೆಎಣ್ಣೆ ಬಟ್ಟೆ ಹಿಡಿದು ತಗಡನ್ನೆಲ್ಲ ಕನ್ನಡಿಯ ಹಾಗೆ ಉಜ್ಜಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ನಂಜಪ್ಪನ್ ಅಳಿಯನ ಹೆಗಲ ಮೇಲೆ ಕೈ ಹಾಕಿದರು. “ಸರಿ ಬಿಡ್ಡಾ. ಪ್ರೆಸ್ ನೀನೇ ನೋಡ್ಕೋ. ರಾತ್ರಿ ಮನೇಗೆ ಬಾ, ನಿಮ್ಮತ್ತೆ ಕೋಳಿ ಮಾಡ್ತಾಳೆ.”

ಲಿಂಗಸಾಮಿ ಆ ಕೈಯನ್ನು ಹೆಗಲಿಂದ ಎತ್ತಿ ಕೆಳಗಿಟ್ಟ. “ಬೈದದ್ದು ಹನ್ನೆರಡು ಜನರ ಮುಂದೆ. ಕೋಳಿ ಮಾತ್ರ ಮನೇಲಾ?”

ನಂಜಪ್ಪನ್ ಏನೋ ಗೊಣಗಿದರು. ಮೋಟಾರಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಲಿಂಗಸಾಮಿ ಹೋಗಿ ಸ್ವಿಚ್ಚು ಕೆಳಕ್ಕೆಳೆದ. ಬೆಲ್ಟು ನಿಧಾನಿಸಿತು, ನಿಂತಿತು.

“ಈಗ ಹೇಳಿ ಮಾಮಾ.”

“ಒರೆಸಿದ್ದು ನಾನು,” ಎಂದರು ನಂಜಪ್ಪನ್. “ಇವನ ಕೈ ಸರೀಗೇ ಇದೆ.”

ಲಿಂಗಸಾಮಿ ಅವರ ಮುಖ ನೋಡಲಿಲ್ಲ. ಸ್ವಿಚ್ಚು ಮೇಲಕ್ಕೆತ್ತಿ, “ಪೆರಿಯಸಾಮಿ, ಮಿಕ್ಕ ತುಂಡು ಎತ್ಕೊಂಬಾ,” ಎಂದು ಕೂಗಿದ.