ಕರಿ ಮುಂದಿನ ಸಾಲಿನಲ್ಲೇ ಕೂರುತ್ತಾಳೆ

ಕರಿಯನ್ನು ನಾನು ಮೊದಲ ಸಲ ನಾಯಿಗಳ ಪ್ರದರ್ಶನಕ್ಕೆ ಕರೆದುಕೊಂಡು ಹೋದದ್ದು ಗುಬ್ಬಿಗೆ. ಅವಳು ಸ್ಪರ್ಧೆಗೆ ಹೋದವಳಲ್ಲ. ಹನ್ನೆರಡು ವರ್ಷದ ಊರ ನಾಯಿ. ಬಲಗಿವಿಯ ತುದಿ ಹರಿದಿದೆ, ಎರಡು ಕಿವಿಯೂ ಕೇಳಿಸುವುದಿಲ್ಲ. ಸ್ಪರ್ಧೆಗೆ ಹೋದವನು ವೀರ. ಅವನು ಮುಧೋಳದ ಜಾತಿ ನಾಯಿ, ನಮ್ಮ ಸಾಹುಕಾರರಾದ ಗೋವಿಂದರಾಜು ಅವರದು. ತುಮಕೂರಿನ ಶಿರಾ ಗೇಟಿನಲ್ಲಿ ಅವರಿಗೆ ಪೈಪು, ಮೋಟಾರಿನ ಅಂಗಡಿ ಇದೆ. ಅಮೃತೂರಿನ ಹತ್ತಿರ ತೆಂಗಿನ ತೋಟ ಇದೆ. ಆ ತೋಟವನ್ನೂ ವೀರನನ್ನೂ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ವೀರನಿಗೆ ಒಂದು ಭಯ. ಎಂಟು ತಿಂಗಳ ಮರಿಯಾಗಿದ್ದಾಗ ಗಣಪತಿ ಬಿಡುವ ಮೆರವಣಿಗೆಯಲ್ಲಿ ಸಿಕ್ಕಿಕೊಂಡ. ಸ್ಪೀಕರ್ ಹೊತ್ತ ಟ್ರ್ಯಾಕ್ಟರ್ ಒಂದು ಕಡೆ, ಕಾಲಡಿ ಪಟಾಕಿ ಒಂದು ಕಡೆ. ಅಂದಿನಿಂದ ಮೈಕ್ ಗೊರಗೊರ ಅಂದರೆ ಸಾಕು, ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗಿಬಿಡುತ್ತಿದ್ದ. ತೋಟದಲ್ಲಿ ಅವನ ನಡಿಗೆ ನೋಡಿದವರು ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಆದರೆ ಮೈಕ್ ಇಲ್ಲದ ಪ್ರದರ್ಶನ ಎಲ್ಲಿದೆ?

ನಾನು ಮೂವತ್ತೊಂದು ವರ್ಷ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಸೈಸನಾಗಿದ್ದವನು. ಆರು ತಿಂಗಳ ಮರಿಗಳನ್ನು ತಾಯಿಯಿಂದ ಬಿಡಿಸುವಾಗ ಅವು ಕೂಗಿ ಕೂಗಿ ಬೇಲಿಗೆ ಎದೆ ಹೊಡೆದುಕೊಳ್ಳುತ್ತವೆ. ಆಗ ಮರಿ ಹಾಕುವುದು ನಿಂತ ಒಂದು ಮುದಿ ಕುದುರೆಯನ್ನು ಅವುಗಳ ನಡುವೆ ಬಿಡುತ್ತಿದ್ದೆವು. ಅದು ಏನೂ ಮಾಡುವುದಿಲ್ಲ. ತನ್ನ ಪಾಡಿಗೆ ತಲೆ ಬಗ್ಗಿಸಿ ಹುಲ್ಲು ಮೇಯುತ್ತದೆ. ಮರಿಗಳು ಅದನ್ನೇ ನೋಡುತ್ತಾ ಮೂರನೆಯ ದಿನಕ್ಕೆ ತಾವೂ ಮೇಯುವುದಕ್ಕೆ ಶುರು ಮಾಡುತ್ತವೆ. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಗುಬ್ಬಿಗೆ ಹೊರಟ ದಿನ ಕರಿಯನ್ನೂ ಎತ್ತಿ ವ್ಯಾನಿಗೆ ಹಾಕಿದೆ.

"ಹೆಣ್ಣು ನೋಡೋಕೆ ಹೊಂಟಿದ್ದೀಯಾ, ಜೊತೇಗೆ ಮುದುಕೀನ ಕರ್ಕೊಂಡು?" ಅಂದಳು ನನ್ನ ಹೆಂಡತಿ ಪುಟ್ಟಗಂಗಮ್ಮ. "ಆ ಕಿವುಡಿಗೆ ಯಾವ ಕಪ್ ಕೊಡ್ತಾರೆ?"

"ಅವ್ಳಿಗೆ ಕಪ್ ಬೇಡ ಕಣೇ. ನೆಳ್ಳು ಸಿಕ್ಕಿದ್ರೆ ಸಾಕು."

ಗುಬ್ಬಿಯಲ್ಲಿ ಹೆಸರು ಬರೆಯುವ ಮೇಜಿನ ಹಿಂದೆ ಕೂತಿದ್ದವರು ಷಡಕ್ಷರಿ. ಈ ಪ್ರದರ್ಶನ ನಡೆಸುವ ಸಂಘಕ್ಕೆ ಅವರೇ ಕಾರ್ಯದರ್ಶಿ. ವೀರನ ಕಾಗದ ನೋಡಿದರು, ಆಮೇಲೆ ಕರಿಯನ್ನು ನೋಡಿದರು.

"ಇದು?"

"ಅವನ ಜೊತೆಗೆ ಬಂದವ್ಳೆ ಸ್ವಾಮಿ. ಓಡಲ್ಲ, ಆಡಲ್ಲ. ಸುಮ್ನೆ ಕೂತಿರ್ತಾಳೆ."

"ಒಳಗೆ ಬರೋ ನಾಯಿಗೆಲ್ಲ ಫಾರಂ ತುಂಬ್ಬೇಕು ಯಜಮಾನ್ರೆ. ತಂದೆ, ತಾಯಿ ಹೆಸ್ರು ಹೇಳಿ."

ಕುದುರೆ ಫಾರಂನಲ್ಲಿ ಒಂದೊಂದು ಕುದುರೆಗೂ ನಾಲ್ಕು ತಲೆಮಾರಿನ ಹೆಸರು ಪುಸ್ತಕದಲ್ಲಿ ಇರುತ್ತಿತ್ತು. ಇವರೂ ಹಾಗೇ ಕೇಳುತ್ತಿದ್ದಾರೆ ಅಂದುಕೊಂಡು ನಿಧಾನವಾಗಿ ನೆನಪು ಮಾಡಿಕೊಂಡು ಹೇಳಿದೆ. "ತಾಯಿ ಕೆಂಚಿ, ಹುಲ್ಲಿನ ಷೆಡ್‌ನಲ್ಲಿ ಇದ್ದೋಳು. ಅಜ್ಜಿ ಚುಕ್ಕಿ. ಚುಕ್ಕಿ ತಾಯಿ ಮಾಗಡಿ ಕಡೆಯಿಂದ ಹುಲ್ಲಿನ ಲಾರೀಲಿ ಬಂದಿದ್ದು, ಅವ್ಳಿಗೆ ಹೆಸ್ರು ಇಟ್ಟಿರ್ಲಿಲ್ಲ. ತಂದೆ ಯಾರು ಅಂತ ಮಾತ್ರ ಕೆಂಚೀನೇ ಹೇಳ್ಬೇಕು."

ಹಿಂದೆ ನಿಂತಿದ್ದವರು ಗೊಳ್ಳೆಂದು ನಕ್ಕರು. ಷಡಕ್ಷರಿಯವರೂ ನಕ್ಕು, ಒಂದು ಚೀಟಿಯ ಮೇಲೆ 'ಸ್ಪರ್ಧೆಗಿಲ್ಲ' ಎಂದು ಬರೆದು ಕೊಟ್ಟರು. ಅದನ್ನು ಕರಿಯ ಕೊರಳಿಗೆ ಕಟ್ಟಿದೆ.

ಸುತ್ತಲೂ ಹಗ್ಗ ಕಟ್ಟಿದ ಜಾಗಕ್ಕೆ ರಿಂಗ್ ಅನ್ನುತ್ತಾರೆ. ಆ ಹಗ್ಗದ ಪಕ್ಕದಲ್ಲೇ ಕರಿ ಮಲಗಿದಳು. ಮೈಕ್ ಕಿರುಚಿತು. ವೀರನ ಹಿಂಗಾಲು ಕುಸಿಯಿತು. ಅವನು ತಿರುಗಿ ಕರಿಯನ್ನು ನೋಡಿದ. ಅವಳು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ಅವನು ಮತ್ತೊಂದು ಸಲ ನೋಡಿದ, ಎದ್ದು ಮೈ ಒದರಿದ, ನನ್ನ ಪಕ್ಕದಲ್ಲಿ ಓಡಿದ. ಅವಳು ಕಿವುಡಿ ಅಂತ ಅವನಿಗೆ ಗೊತ್ತಿಲ್ಲ, ಧೈರ್ಯ ಅಂದುಕೊಂಡಿದ್ದ. ನಾನೂ ಹೇಳುವುದಕ್ಕೆ ಹೋಗಲಿಲ್ಲ. ಅವತ್ತು ಅವನಿಗೆ ಎರಡನೆಯ ಬಹುಮಾನ ಬಂತು. ಸಾಹುಕಾರರು ಊರಿನವರೆಗೂ ವ್ಯಾನಿನಲ್ಲಿ ಹಾಡು ಹೇಳಿಕೊಂಡು ಬಂದರು.

ಮುಂದಿನ ಪ್ರದರ್ಶನ ತುಮಕೂರಿನಲ್ಲಿ. ಅದು ದೊಡ್ಡದು. ಬೆಳಗಿನ ಸುತ್ತಿನಲ್ಲಿ ವೀರ ಮುಧೋಳದ ನಾಯಿಗಳಲ್ಲೆಲ್ಲ ಮೊದಲಿಗನಾದ. ಮಧ್ಯಾಹ್ನದ ಮೇಲೆ ಎಲ್ಲ ಜಾತಿಯ ಮೊದಲಿಗರನ್ನೂ ಸೇರಿಸಿ ಕೊನೆಯ ಸುತ್ತು. ಅದಕ್ಕೆ ಮುಂಚೆ ಡಾಬರ್‌ಮನ್ ನಾಯಿ ತಂದಿದ್ದ ಅನಂತರಾಜು ಎನ್ನುವವರು ಜಡ್ಜ್ ಮೇಡಂ ಹತ್ತಿರ ದೂರು ಹೇಳಿದರು.

"ಮೇಡಂ, ಆ ಮುದುಕ ಹೊರಗೊಂದು ನಾಯಿ ಕೂರಿಸ್ಕೊಂಡು ಸನ್ನೆ ಮಾಡಿಸ್ತವ್ನೆ. ಇವ್ರ ನಾಯಿ ಪ್ರತಿ ಸುತ್ತಿಗೂ ಅದನ್ನೇ ನೋಡುತ್ತೆ."

"ಕಿವುಡಿ ಕಣಪ್ಪ ಅವ್ಳು," ಅಂದೆ. "ಬೆಳಗ್ಗೆಯಿಂದ ಕಣ್ಣೇ ಬಿಟ್ಟಿಲ್ಲ. ನಿದ್ದೆ ಮಾಡೋದೂ ಸನ್ನೇನಾ?"

ಮೇಡಂ ಬಂದು ಕರಿಯ ಮುಂದೆ ಕೂತು ತಲೆ ಸವರಿದರು. ಒಳ್ಳೆಯ ಹೆಂಗಸು. ಆದರೆ ಎದ್ದು ನಿಂತು ಹೇಳಿದ್ದು ಇದು: ಹೊರಗಿನಿಂದ ನಾಯಿಯ ಗಮನ ಸೆಳೆಯುವಂಥದ್ದು ಏನೂ ಇರಬಾರದು, ನಿಯಮ ಹಾಗಿದೆ, ಈ ನಾಯಿ ಕಣ್ಣಿಗೆ ಬೀಳದ ಕಡೆ ಇರಲಿ.

ಅವರು ಅಷ್ಟೇ ಹೇಳಿದ್ದು. ಉಳಿದದ್ದನ್ನು ಷಡಕ್ಷರಿ ಸೇರಿಸಿದರು.

"ಹಿಂದ್ಗಡೆ ಗಾಡಿ ನಿಲ್ಲಿಸಿದ್ದಾರಲ್ಲ, ಅಲ್ಲಿ ಕಟ್ಬಿಡಿ ಯಜಮಾನ್ರೆ. ಮುಂದೆ ಒಂದು ಚೀಲ ಅಡ್ಡ ಹಾಕಿ. ಫೋಟೋದವ್ರು ಬಂದವ್ರೆ. ಇಷ್ಟೊಂದು ಜಾತಿ ನಾಯಿ ಮಧ್ಯೆ ಇದು ಚೆನ್ನಾಗಿ ಕಾಣಲ್ಲ."

ನನ್ನ ಬಾಯಿಂದ ಮಾತು ಬೇಗ ಬರುವುದಿಲ್ಲ. ಬರುವವರೆಗೆ ಕಾದೆ.

"ಇವನನ್ನ ನಾಲ್ಕು ಕಾಲಿನ ಮೇಲೆ ನಿಲ್ಲಿಸಿದವ್ಳು ಅವ್ಳು. ಅವ್ಳನ್ನ ಚೀಲದ ಹಿಂದೆ ಬಚ್ಚಿಟ್ಟು ಇವನಿಗೆ ಕಪ್ ಇಸ್ಕೊಳೋಕೆ ನನಗಾಗಲ್ಲ."

ಸಾಹುಕಾರರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು. "ಬೋರಣ್ಣ, ಒಂದರ್ಧ ಗಂಟೆ ಕಣಯ್ಯ. ನಾಯಿಗೇನು ಮಾನ ಹೋಗುತ್ತಾ?"

"ನಾಯಿಗೆ ಹೋಗಲ್ಲ ಸಾವ್ಕಾರ್ರೆ."

"ಹಾಗಾದ್ರೆ ಹಗ್ಗ ಇಲ್ಲಿ ಕೊಡು. ನಾನೇ ಓಡಿಸ್ತೀನಿ."

ಕೊಟ್ಟೆ. ಅವರ ನಾಯಿ ಅವರದು. ಕರಿಯನ್ನು ಕರೆದುಕೊಂಡು, ಎಲ್ಲರೂ ಬರುವ ಮುಂದಿನ ಬಾಗಿಲಿನಿಂದಲೇ ಹೊರಗೆ ನಡೆದೆ. ಬಾಗಿಲು ದಾಟುವಷ್ಟರಲ್ಲಿ ಮೈಕ್ ಗೊರಗುಟ್ಟಿತು, ವೀರನ ನಂಬರ್ ಕೂಗಿದರು. ಸ್ವಲ್ಪ ಹೊತ್ತಿಗೆ ಜನ ನಕ್ಕ ಸದ್ದು ಕೇಳಿತು. ಅವನು ರಿಂಗ್ ನಡುವೆ ಮಲಗಿ ಉಚ್ಚೆ ಹೊಯ್ದುಕೊಂಡನಂತೆ. ನಾನು ನೋಡಲಿಲ್ಲ. ಆದರೆ ಆ ನಗು ಇವತ್ತಿಗೂ ಕಿವಿಯಲ್ಲಿದೆ. ತಪ್ಪು ಮಾಡದವನನ್ನು ಒಬ್ಬನೇ ಬಿಟ್ಟು ಬಂದೆನಲ್ಲಾ ಅಂತ ಬಸ್ಸಿನಲ್ಲಿ ಉದ್ದಕ್ಕೂ ಸಂಕಟಪಟ್ಟೆ. ಚೀಲ ಅಡ್ಡ ಹಾಕಬೇಕಿತ್ತು ಅಂತ ಮಾತ್ರ ಒಂದು ಸಲವೂ ಅನ್ನಿಸಲಿಲ್ಲ.

ಮಾರನೆಯ ದಿನ ಸಾಹುಕಾರರು ವೀರನನ್ನು ತುಮಕೂರಿನ ಮನೆಗೆ ಕರೆದುಕೊಂಡು ಹೋದರು. ತಿಮ್ಮರಾಜು ಎನ್ನುವ, ನಾಯಿಗಳನ್ನು ಪಳಗಿಸುವುದೇ ಕಸುಬಾದ ಒಬ್ಬ ಗಟ್ಟಿಗನನ್ನು ನೇಮಿಸಿದರು. ಹೊರಡುವಾಗ ನನ್ನ ಮುಖ ನೋಡದೆ ಹೇಳಿದರು: "ಬರೋ ತಿಂಗಳು ಕುಣಿಗಲ್‌ನಲ್ಲಿ ಶೋ ಇದೆ. ನೀನೂ ನಿನ್ನ ನಾಯೀನೂ ತೋಟದಲ್ಲೇ ಇರಿ."

"ನಾವು ಬರ್ತೀವಿ," ಅಂದೆ.

"ಯಾವ ನಾಯಿ ಜೊತೆ ಬರ್ತೀಯ?"

"ಕರಿ ಜೊತೆ."

ಆ ತಿಂಗಳೆಲ್ಲ ಪುಟ್ಟಗಂಗಮ್ಮ ಬೈದಳು. ಸಾಹುಕಾರರನ್ನು ಎದುರು ಹಾಕಿಕೊಂಡು ಈ ವಯಸ್ಸಿನಲ್ಲಿ ತೋಟ ಬಿಡಬೇಕಾಗುತ್ತದೆ ಅಂದಳು. ಆಗಬಹುದು ಅಂದೆ. ಪ್ರದರ್ಶನದ ಬೆಳಿಗ್ಗೆ ಮಾತ್ರ ತಾನೇ ಕರಿಗೆ ಸೀಗೆಪುಡಿ ಹಾಕಿ ಮೈ ತೊಳೆದಳು. "ಹೋಗೋಳು ನೆಟ್ಟಗೆ ಹೋಗ್ಲಿ. ಗಬ್ಬು ನಾತ ಅಂತ ಒಬ್ರೂ ಅನ್ಬಾರ್ದು," ಅಂದಳು.

ಕುಣಿಗಲ್ಲಿನ ಬಯಲಿನಲ್ಲಿ ಅದೇ ಮೇಜು, ಅದೇ ಷಡಕ್ಷರಿ.

"ಯಜಮಾನ್ರೆ, ಇವತ್ತು ಇವ್ಳು ಯಾರ ಜೊತೆ?"

"ಯಾರ ಜೊತೆಗೂ ಇಲ್ಲ. ನೋಡೋಕೆ ಬಂದವ್ಳೆ."

"ನಾಯಿ ಶೋ ನೋಡೋಕೆ ನಾಯಿ ಬರುತ್ತೇನ್ರೀ?"

"ಮನುಷ್ಯರು ಬರ್ತಾರಲ್ಲ ಸ್ವಾಮಿ, ಅವ್ರಿಗಿಂತ ಇವ್ಳಿಗೆ ಹತ್ರದ ನಂಟು."

ಅವರು ತಲೆ ಚಚ್ಚಿಕೊಂಡು ಚೀಟಿ ಬರೆದುಕೊಟ್ಟರು. ನಾನು ಮುಂದಿನ ಸಾಲಿನಲ್ಲಿ, ಹಗ್ಗದ ಪಕ್ಕ ನೆಲದ ಮೇಲೆ ಕೂತೆ. ಕರಿ ನನ್ನ ತೊಡೆಗೆ ಒರಗಿ ಮಲಗಿದಳು.

ಎದುರು ಮೂಲೆಯಿಂದ ತಿಮ್ಮರಾಜು ವೀರನನ್ನು ತಂದ. ವೀರ ಇಳಿದುಹೋಗಿದ್ದ. ಕೊರಳಿನಲ್ಲಿ ಬಿಗಿಯಾದ ಸರಪಳಿ. ಮೈಕ್ ಶುರುವಾದದ್ದೇ ತಡ, ಬಿದ್ದುಕೊಂಡ. ತಿಮ್ಮರಾಜು ಸರಪಳಿ ಜಗ್ಗಿದ. ನಾನು ಹಲ್ಲು ಕಚ್ಚಿಕೊಂಡು ಕೂತೆ. ಒಂದು ಸಲ ನಾಲಿಗೆಯಲ್ಲಿ ಸದ್ದು ಮಾಡಿದ್ದರೆ ಅವನು ನನ್ನ ಕಡೆ ನೋಡುತ್ತಿದ್ದ. ಮಾಡಲಿಲ್ಲ. ಸನ್ನೆ ಮಾಡಿಸುತ್ತಾನೆ ಅಂದಿದ್ದರಲ್ಲ, ಅದನ್ನು ನಿಜ ಮಾಡುವುದಕ್ಕೆ ನನಗೆ ಇಷ್ಟವಿರಲಿಲ್ಲ.

ವೀರನೇ ನೋಡಿದ. ತಲೆಯನ್ನು ಹಿಂದಕ್ಕೆಳೆದು ಸರಪಳಿಯಿಂದ ನುಣುಚಿಕೊಂಡ. ಬಯಲನ್ನು ಅಡ್ಡಕ್ಕೆ ದಾಟಿ, ಹಗ್ಗದಡಿ ನುಸುಳಿ, ಕರಿಯ ಬೆನ್ನಿಗೆ ಮೂತಿ ಇಟ್ಟು ಮಲಗಿದ. ಅವಳು ಒಂದು ಕಣ್ಣು ತೆರೆದಳು, ಮುಚ್ಚಿದಳು.

ತಿಮ್ಮರಾಜು ಓಡಿ ಬಂದ. ಹಿಂದೆಯೇ ಸಾಹುಕಾರರು, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಬೆವರುತ್ತಾ ಬಂದರು. ಸರಪಳಿ ತೊಡಿಸಲು ಬಗ್ಗಿದ ತಿಮ್ಮರಾಜುವಿನ ಕೈಯನ್ನು ಅವರೇ ತಡೆದರು. ವೀರನ ಕುತ್ತಿಗೆಯ ಸುತ್ತ ರೋಮ ಉದುರಿ ಚರ್ಮ ಕೆಂಪಾಗಿತ್ತು. ಸಾಹುಕಾರರು ಅದನ್ನು ಅವತ್ತೇ ನೋಡಿದರೋ ಏನೋ.

"ನೀನು ಹೋಗಪ್ಪ," ಅಂದರು ತಿಮ್ಮರಾಜುವಿಗೆ. ಆಮೇಲೆ ನನಗೆ, "ಬೋರಣ್ಣ, ಎದ್ದೇಳು. ಓಡಿಸು ಇವನನ್ನ."

"ಕರಿ ಇಲ್ಲೇ ಇರ್ತಾಳೆ. ಹಿಂದ್ಗಡೆ ಹೋಗಲ್ಲ."

ಅಷ್ಟರಲ್ಲಿ ಷಡಕ್ಷರಿ ಬಂದರು. ಅವತ್ತಿನ ನಿಯಮವೇ ಇವತ್ತೂ. ಕರಿಯನ್ನು ಶಾಮಿಯಾನದ ಹಿಂದೆ ಕಟ್ಟಿದರೆ ವೀರ ಸುತ್ತಿನಲ್ಲಿ ಇರಬಹುದು, ಇಲ್ಲದಿದ್ದರೆ ಇಲ್ಲ.

"ಹಂಗಾದ್ರೆ ಬೇಡ," ಅಂದೆ. "ನಿಮ್ಮ ನಿಯಮ ನಿಮಗಿರ್ಲಿ ಸ್ವಾಮಿ. ನೋಡೋರು ಕೂರೋ ಜಾಗ ಇದು. ಇವ್ಳು ನೋಡೋಕೆ ಬಂದವ್ಳು. ಎಬ್ಬಿಸೋಕೆ ನಾನು ಬುಡಲ್ಲ."

ಮೈಕ್‌ನಲ್ಲಿ ವೀರನ ನಂಬರ್ ಕೂಗಿದರು. ಸಾಹುಕಾರರು ರಿಂಗ್ ಕಡೆ ನೋಡಿದರು. ಎರಡನೆಯ ಸಲ ಕೂಗಿದರು. ಅನಂತರಾಜು ತಮ್ಮ ಡಾಬರ್‌ಮನ್ ಹಿಡಿದುಕೊಂಡು ಆ ಕಡೆಯಿಂದ ನಗುತ್ತಿದ್ದರು. ಸಾಹುಕಾರರ ದವಡೆ ಬಿಗಿಯಿತು. ನನ್ನ ಕೆಲಸ, ತೋಟದ ಮನೆ ಎಲ್ಲ ಆ ದವಡೆಯಲ್ಲೇ ಇತ್ತು. ನಾನು ಏಳಲಿಲ್ಲ.

ಮೂರನೆಯ ಸಲ ಕೂಗಿ, ಮುಂದಿನ ನಂಬರಿಗೆ ಹೋದರು.

ಸಾಹುಕಾರರು ಪ್ಯಾಂಟ್ ಮೇಲಕ್ಕೆಳೆದುಕೊಂಡು ನನ್ನ ಪಕ್ಕ ಮಣ್ಣಿನಲ್ಲಿ ಕೂತುಬಿಟ್ಟರು. ವೀರನ ಬೆನ್ನಿನ ಮೇಲೆ ಕೈ ಇಟ್ಟರು. ಡಾಬರ್‌ಮನ್ ನಮ್ಮ ಮುಂದೆ ಹಾದುಹೋಯಿತು.

"ನೋಡು ಬೋರಣ್ಣ, ಅದರ ಹಿಂಗಾಲು ಒಳಕ್ಕೆ ತಿರುಗುತ್ತೆ."

"ತಿರುಗುತ್ತೆ ಸಾವ್ಕಾರ್ರೆ. ತುಮಕೂರಲ್ಲೇ ನೋಡಿದ್ದೆ."

"ಮತ್ತೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಬಹುಮಾನ ಕೊಡುವ ಹೊತ್ತಿಗೆ ಷಡಕ್ಷರಿ ಮತ್ತೆ ಬಂದು ಬಗ್ಗಿದರು. ಮುಖ್ಯ ಅತಿಥಿಗಳ ಫೋಟೋ ಈ ಕಡೆಯಿಂದ ತೆಗೆಯುತ್ತಾರೆ, ನಾಯಿಗಳನ್ನು ಕರೆದುಕೊಂಡು ಸ್ವಲ್ಪ ಹಿಂದಕ್ಕೆ ಸರಿದು ಕೂತರೆ ಚೆನ್ನ ಅಂದರು. ನಾನು ಮಾತು ಬರುವುದಕ್ಕೆ ಕಾಯುತ್ತಿದ್ದೆ.

"ಫೋಟೋದವ್ರಿಗೆ ಆ ಕಡೆ ಹೋಗೋಕೆ ಹೇಳ್ರಿ," ಅಂದರು ಸಾಹುಕಾರರು. "ಅವ್ಳು ಮಲಗವ್ಳೆ, ಕಾಣ್ಸಲ್ವಾ?"